ಎರಡು ನಿಮಿಷದ ಪರಿಚಯ

ತವರುಮನೆಯ ಟ್ರಂಕಿನ ತಳದಿಂದ ಕರಿ ಕೋಟನ್ನು ಎಳೆದು ಬಿಡಿಸಿದಾಗ ಮೂಗಿಗೆ ಹೊಡೆದದ್ದು ನುಸಿಗುಳಿಗೆಯ ವಾಸನೆಯಲ್ಲ, ಒಲೆಯ ಹೊಗೆ. ದಾಂಡೇಲಿಯ ನಮ್ಮ ಮನೆಯಲ್ಲಿ ಸೌದೆ ಒಲೆ ಉರಿದದ್ದನ್ನು ನಾನು ಕಂಡಿಲ್ಲ. ನಾನು ಹುಟ್ಟುವ ಮೊದಲೇ ಗ್ಯಾಸು ಬಂದಿತ್ತು. ಈ ಹೊಗೆ ಫಿಲೋಮಿನಾಳ ಮನೆಯದು. ಕೋಟೂ ಅವಳದೇ.

ಹಳಿಯಾಳದ ಕಾಲೇಜಿನಿಂದ ಕರೆ ಬಂದಿತ್ತು. ಎಂಬಿಎ ಮುಗಿಸಿ ಹೊರಬಿದ್ದವರೆಲ್ಲ ಒಂದು ದಿನ ಸೇರಬೇಕಂತೆ, ಸಾಧ್ಯವಾದರೆ ಆಗಿನ ಕೋಟು ಹಾಕಿಕೊಂಡು ಬರಬೇಕಂತೆ, ಒಬ್ಬೊಬ್ಬರೂ ಕ್ಯಾಮೆರಾ ಮುಂದೆ ಕೂತು ಎರಡು ನಿಮಿಷ ‘ಈ ಕಾಲೇಜು ನನಗೆ ಕೊಟ್ಟ ಅನುಭವ’ ಹೇಳಬೇಕಂತೆ. ಅದನ್ನು ಹೊಸದಾಗಿ ಸೇರುವ ಮಕ್ಕಳಿಗೆ ತೋರಿಸುತ್ತಾರೆ. ನಾನು ಹುಬ್ಬಳ್ಳಿಯ ಬೈಕ್ ಶೋರೂಮಿನಲ್ಲಿ ಕೆಲಸ ಮಾಡುವವಳು. ಎರಡು ನಿಮಿಷದಲ್ಲಿ ಯಾವುದನ್ನು ಬೇಕಾದರೂ ಹೊಗಳುವ ಅಭ್ಯಾಸ ನನಗಿದೆ, ಅದಕ್ಕೇ ಸಂಬಳ ಕೊಡುತ್ತಾರೆ. ಹಾಗಾಗಿ ಅಳುಕಿರಲಿಲ್ಲ. ಆದರೆ ಆ ಹೊಗೆ ಮೂಗಿಗೆ ಹತ್ತಿದ ಮೇಲೆ ಟ್ರಂಕಿನ ಮುಂದೆ ಕೂತವಳಿಗೆ ಏಳಲಾಗಲಿಲ್ಲ. ನಮ್ಮ ಕೊನೆಯ ವರ್ಷ ಪೂರ್ತಿ ಆ ಕೋಟಿನೊಳಗೆ ಮಡಚಿಕೊಂಡು ಕೂತಿತ್ತು.

ಆ ವರ್ಷ ಜೂನಿನಲ್ಲಿ ಹಿಡಿದ ಮಳೆ ದಸರೆಯವರೆಗೂ ಬಿಡಲಿಲ್ಲ. ನಾನು ದಾಂಡೇಲಿಯಿಂದ ದಿನಾ ಬಸ್ಸಿನಲ್ಲಿ ಹಳಿಯಾಳಕ್ಕೆ ಹೋಗಿ ಬರುತ್ತಿದ್ದೆ. ಕೋಟು ಕಡ್ಡಾಯ. “ಮ್ಯಾನೇಜರ್ ಆಗೋರು ಮೊದಲ ಮ್ಯಾನೇಜರ್ ಹಂಗ ಕಾಣಬೇಕು,” ಎನ್ನುತ್ತಿದ್ದರು ದೇಸಾಯಿ ಸರ್. ಮಾರ್ಕೆಟಿಂಗ್ ಪಾಠವೂ ಅವರದೇ, ಕಂಪನಿಗಳನ್ನು ಕಾಲೇಜಿಗೆ ಕರೆತಂದು ನಮಗೆ ನೌಕರಿ ಕೊಡಿಸುವ ಹೊಣೆಯೂ ಅವರದೇ. ಕೋಟಿನ ಬಟ್ಟೆ ಉಣ್ಣೆಯೂ ಅಲ್ಲ, ನೂಲೂ ಅಲ್ಲ. ಒಮ್ಮೆ ನೆನೆಯಿತೆಂದರೆ ವಾರವಿಡೀ ಹಸಿ. ನನ್ನದನ್ನು ಅಬ್ಬಾನ ಬೈಕ್ ರಿಪೇರಿ ಗ್ಯಾರೇಜಿನಲ್ಲಿ ಒಣಹಾಕುತ್ತಿದ್ದೆ. “ಇದನ್ನ ಹಾಕ್ಕೊಂಡು ಅಂಗಡಿ ಕಡೆ ಬರಬ್ಯಾಡ ಶಮೀಮ್, ಆರ್‌ಟಿಓದೋರು ಬಂದ್ರು ಅಂತ ಗಿರಾಕಿ ಓಡಿಹೋಗ್ತಾರ,” ಎಂದು ಅಬ್ಬಾ ನಗುತ್ತಿದ್ದ. ಹೀಗಾಗಿ ನನ್ನ ಕೋಟಿಗೆ ಆಯಿಲ್ ವಾಸನೆ. ಫಿಲೋಮಿನಾಳದು ಅವರ ಮನೆಯ ಒಲೆಯ ಮೇಲಿನ ಬಿದಿರಿಗೆ ನೇತುಬಿದ್ದು ಒಣಗುತ್ತಿತ್ತು. ನಮ್ಮ ಬೆಂಚಿನ ಮೂರನೆಯವನು ಮುಂಡಗೋಡ ಕಡೆಯ ಚಿಗಳ್ಳಿಯ ಬಸವರಾಜ. ಹಳಿಯಾಳದಲ್ಲಿ ರೂಮು ಮಾಡಿಕೊಂಡಿದ್ದ ಆ ಸೋಮಾರಿ ಕೋಟನ್ನು ಒಣಗಿಸುವ ಗೋಜಿಗೇ ಹೋಗದೆ ಹಸಿಯದನ್ನೇ ಹಾಕಿಕೊಂಡು ಬರುತ್ತಿದ್ದ. ಕಣ್ಣು ಮುಚ್ಚಿಕೊಂಡರೂ ಯಾರು ಎಲ್ಲಿ ಕೂತಿದ್ದಾರೆಂದು ಹೇಳಬಹುದಿತ್ತು.

ಫಿಲೋಮಿನಾ ಸಿದ್ದಿ. ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಹೊರಗಿನವರಿಗಾಗಿ ಹೇಳುತ್ತೇನೆ: ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಹಿಡಿದು ತಂದಿದ್ದ ಜನ ತಪ್ಪಿಸಿಕೊಂಡು ಬಂದು ನಮ್ಮ ಕಾಡು ಹೊಕ್ಕರು, ಗದ್ದೆ ಮಾಡಿದರು, ಕೂಲಿ ಮಾಡಿದರು, ಕೊಂಕಣಿ ಕನ್ನಡ ಮಾತಾಡಿಕೊಂಡು ಇಲ್ಲಿಯವರೇ ಆದರು. ಕೆಲವರು ಚರ್ಚಿಗೆ, ಕೆಲವರು ಮಸೀದಿಗೆ, ಕೆಲವರು ಗುಡಿಗೆ. ನೋಡಿ, ಅವಳ ಹೆಸರು ಬಂದ ಕೂಡಲೇ ನಾನೂ ಇದನ್ನೇ ಹೇಳಿಬಿಟ್ಟೆ. ಬಸವರಾಜನ ಅಜ್ಜ ಎಲ್ಲಿಂದ ಬಂದನೆಂದು ಹೇಳಿದೆನೇ? ನನ್ನ ಮುತ್ತಜ್ಜ ಎಲ್ಲಿಂದ ಬಂದನೋ ನನಗೇ ಗೊತ್ತಿಲ್ಲ, ಯಾರೂ ಕೇಳಿಲ್ಲ.

ನನಗೆ ಗೊತ್ತಿದ್ದ ಫಿಲೋಮಿನಾ ಬೇರೆ. ಹಳಿಯಾಳದ ಆಚೆ ಕಾಡಂಚಿನ ಊರು ಅವಳದು. ಡಾಂಬರು ರಸ್ತೆಗೆ ನಡೆದು ಬಂದು, ಕೈಯಲ್ಲಿ ಬೂಟು ಹಿಡಿದು ಬಸ್ಸು ಹತ್ತಿ, ಕಾಲೇಜಿನ ನಳದಲ್ಲಿ ಕಾಲು ತೊಳೆದು ಬೂಟು ಹಾಕಿಕೊಂಡು ಒಳಗೆ ಬರುವಳು. ಮಾತಿನಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಅವ್ವನ ಜೊತೆ ಕೊಂಕಣಿ, ನಮ್ಮ ಜೊತೆ ಕನ್ನಡ, ಕ್ಯಾಂಟೀನಿನವನ ಜೊತೆ ಮರಾಠಿ. ನಮ್ಮ ಮನೆಗೆ ಬಂದರೆ ಅಮ್ಮಿಯ ಜೊತೆ ಉರ್ದುವಿನಲ್ಲಿ ನನ್ನ ಚಾಡಿ. ಅವಳೂರಿನಲ್ಲಿ ಅಷ್ಟು ಓದಿದವರು ಇನ್ನೊಬ್ಬರಿರಲಿಲ್ಲ. ಅಪ್ಪ ಇಲ್ಲ. ಅವ್ವ ಕಂಡವರ ಗದ್ದೆಯಲ್ಲಿ ನಾಟಿ, ಕಳೆ, ಕೊಯಿಲು ಎಂದು ಬಗ್ಗಿದ ಬೆನ್ನು ಎತ್ತದೆ ಮಗಳನ್ನು ಓದಿಸಿದ್ದಳು. ಸೋದರಮಾವ ಒಬ್ಬನಿದ್ದ. ಗೋವೆಯಲ್ಲಿ ದೊಡ್ಡವರ ಮನೆಯೊಂದರಲ್ಲಿ ಅವಳಿಗೆ ಮನೆಗೆಲಸ ಗೊತ್ತುಮಾಡಿ ಕಾದಿದ್ದ. “ಓದು ಮುಗಿಯೂದ್ರಾಗ ನೌಕರಿ ಸಿಕ್ರ ಛಲೋ, ಇಲ್ಲಂದ್ರ ಸುಮ್ಮನ ನನ್ನ ಹಿಂದ ಬರಬೇಕು,” ಎಂದು ಅವನ ಕರಾರು. ಅವ್ವ ಒಪ್ಪಿಬಿಟ್ಟಿದ್ದಳು. ಫಿಲೋಮಿನಾ ಅದನ್ನೂ ನಗೆಯಾಡುತ್ತಿದ್ದಳು: “ನಮ್ಮ ಹಿರ್‍ಯಾರು ಗೋವಾದಿಂದ ಜೀವ ಕೈಯಾಗ ಹಿಡಕೊಂಡು ಓಡಿಬಂದ್ರು. ನಮ್ಮ ಮಾವ ನನ್ನ ಬಸ್ಸಿನ್ಯಾಗ ಕುಂದ್ರಿಸಿ ತಿರುಗಿ ಅಲ್ಲೇ ಕಳಸ್ತಾನಂತ.”

ಮಳೆಗಾಲದ ನಡುವೆ ಸ್ವಲ್ಪ ಹೊಳವಾದಾಗ ನಮ್ಮನ್ನು ಕೋಗಿಲಬನಕ್ಕೆ ಕಳಿಸಿದರು. ಕಾಳಿ ನದಿಯ ದಂಡೆಯಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುವ ಮನೆಯವರನ್ನು ಮಾತಾಡಿಸಿ ವರದಿ ಬರೆಯಬೇಕು. ಮೊದಲ ಮನೆಯ ಯಜಮಾನ ಫಿಲೋಮಿನಾಳನ್ನು ಕಂಡವನೇ ಓಡಿಬಂದು, “ವೆಲ್ಕಮ್ ಮೇಡಂ, ರಿವರ್ ವ್ಯೂ, ವೆರಿ ಕ್ಲೀನ್,” ಎಂದು ತನಗೆ ಬರುವ ಇಂಗ್ಲಿಷನ್ನೆಲ್ಲ ಸುರಿದ. ಬಸವರಾಜನಿಗೆ ಅವಳ ಚೀಲ ಎತ್ತಿಕೊಳ್ಳಲು ಕಣ್ಣಲ್ಲೇ ಹೇಳಿದ, ಗೈಡ್ ಅಂದುಕೊಂಡಿದ್ದ. ಅವಳು ಪೂರ್ತಿ ಕೇಳಿಸಿಕೊಂಡು, “ಕಾಕಾ, ಇಷ್ಟು ಛಲೋ ಇಂಗ್ಲಿಷ್ ಎಲ್ಲಿ ಕಲತ್ರಿ? ನಮ್ಮ ಸರ್‌ಗೂ ಬರೂದಿಲ್ಲ,” ಎಂದಳು. ಅವನು ಪೆಚ್ಚಾಗಿ ಆಮೇಲೆ ಬಿದ್ದು ಬಿದ್ದು ನಕ್ಕ. ಚಹಾ ಬಂತು, ಅವಲಕ್ಕಿ ಬಂತು, ಯಾವ ತಿಂಗಳು ಕೋಣೆ ತುಂಬುತ್ತದೆ, ಯಾವ ತಿಂಗಳು ನೊಣ ಹೊಡೆಯಬೇಕು ಎಂದು ಎಲ್ಲವನ್ನೂ ಹೇಳಿದ. ನಾವೂ ಹೊಟ್ಟೆ ಹಿಡಿದು ನಕ್ಕೆವು. ಆಗ ಅದು ನಗುವ ಮಾತೇ ಆಗಿತ್ತು.

ಹಿಂದಿರುಗುವಾಗ ಹೊಳೆಯ ಬಂಡೆಯ ಮೇಲೆ ಕೂತೆವು. ನೀರು ಕೆಂಪಾಗಿ ಭೋರೆನ್ನುತ್ತಿತ್ತು. “ನಿನಗ ಎಂಥಾ ನೌಕರಿ ಬೇಕು?” ಎಂದು ಬಸವರಾಜ ಕೇಳಿದ.

“ಒಂದು ಟೇಬಲ್ ಬೇಕು,” ಎಂದಳು ಫಿಲೋಮಿನಾ. “ಅದರ ಮ್ಯಾಲೆ ನನ್ನ ಹೆಸರಿನ ಫಲಕ. ಮುಂದ ಮಂದಿ ಬಂದು ಕುಂದ್ರಬೇಕು. ಕೆಲಸದ ಮಾತು ಕೇಳಬೇಕು, ನಾ ಹೇಳಬೇಕು. ಅಷ್ಟ.”

“ಅಷ್ಟನಾ?” ಎಂದೆ.

“ಅಷ್ಟ ಅಂದ್ರ ಸಣ್ಣದೇನ?” ಎಂದಳು.

ದೀಪಾವಳಿ ಮುಗಿದು ಚಳಿ ಇಳಿಯುವ ಹೊತ್ತಿಗೆ ಮೊದಲ ಕಂಪನಿ ಬಂತು. ಸಾಲ ಕೊಡುವ ಒಂದು ಫೈನಾನ್ಸು. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಫಿಲೋಮಿನಾ ಹೋದಷ್ಟೇ ಬೇಗ ಹೊರಗೆ ಬಂದಳು.

“ಏನ ಕೇಳಿದ್ರು?”

“ಪಾಸ್‌ಪೋರ್ಟ್ ಎಲ್ಲೈತಿ ಅಂದ್ರು. ಹಳಿಯಾಳ ತಾಲೂಕಿನಾಕಿ ಅಂದೆ. ಅದು ಸರಿ, ಮೂಲ ಎಲ್ಲಿ ಅಂದ್ರು. ಅದೂ ಹಳಿಯಾಳ ತಾಲೂಕ ಅಂದೆ. ಹಿಂದಿ ಎಷ್ಟು ಛಲೋ ಮಾತಾಡ್ತೀರಿ, ಯಾವಾಗ ಕಲತ್ರಿ ಅಂದ್ರು.” ಕೋಟಿನ ಗುಂಡಿ ಬಿಚ್ಚುತ್ತ ಹೇಳಿದಳು, “ಕೋಗಿಲಬನದ ವರದಿ ಕೈಯಾಗ ಇತ್ತು. ಅದನ್ನ ತೆರೀಲೇ ಇಲ್ಲ.”

ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಅಂದು ಅವಳೂ ನಕ್ಕಳು, ಆದರೆ ಕ್ಯಾಂಟೀನಿಗೆ ಬರಲಿಲ್ಲ.

ದೇಸಾಯಿ ಸರ್ ಕೆಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು. ಅವರು ಕೆಟ್ಟವರಾಗಿದ್ದರೆ ನಮಗೆ ಬೈಯಲಾದರೂ ಒಬ್ಬರಿರುತ್ತಿದ್ದರು. ಆ ದಿನ ಅವರು ಊಟ ಮಾಡಲಿಲ್ಲ. ಮರುದಿನ ಕ್ಲಾಸಿಗೆ ಬಂದವರೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಗಿರಾಕಿಯ ಆಕ್ಷೇಪ. ಮಾರುವವರು ಕಲಿಯಬೇಕಾದ ದೊಡ್ಡ ಪಾಠ ಅದು. ಗಿರಾಕಿಯ ಮನಸ್ಸಿನಲ್ಲಿ ಏನೋ ಒಂದು ಅನುಮಾನ ಇರುತ್ತದೆ. ಅವನು ಅದನ್ನು ಎತ್ತುವ ಮೊದಲು ನೀವೇ ಎತ್ತಿ, ನೀವೇ ಉತ್ತರ ಹೇಳಿಬಿಟ್ಟರೆ ಅವನ ಬಾಯಿ ಕಟ್ಟುತ್ತದೆ, ಮಾತು ಮುಂದಕ್ಕೆ ಹೋಗುತ್ತದೆ. ಬೈಕಿನ ಬೆಲೆ ಹೆಚ್ಚೆಂದು ಅವನು ಹೇಳುವ ಮೊದಲೇ ಮೈಲೇಜಿನ ಲೆಕ್ಕ ಹೇಳಬೇಕು. ಇಂದಿಗೂ ನಾನು ಇದೇ ಪಾಠದಿಂದ ಅನ್ನ ತಿನ್ನುತ್ತಿದ್ದೇನೆ, ಸುಳ್ಳಲ್ಲ.

“ಫಿಲೋಮಿನಾ, ನೀನೂ ಹಂಗ ಮಾಡು,” ಎಂದರು ಸರ್. “ಅವರು ಕೇಳೂಕಿಂತ ಮೊದಲ ನೀನ ಹೇಳಿಬಿಡು. ಆ ಪ್ರಶ್ನೆ ಅಲ್ಲಿಗೇ ಸತ್ತಹೋಗತೈತಿ. ಆಮ್ಯಾಲೆ ನಿನ್ನ ಬುದ್ಧಿ ನೋಡ್ತಾರ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಪ್ರಶ್ನೆ ಇದ್ದದ್ದು ಅವರ ತಲೆಯಲ್ಲಿ, ಮದ್ದು ಇವಳಿಗೆ. ಆದರೆ ಅಂದು ನಮ್ಮ ಕ್ಲಾಸಿನಲ್ಲಿ ಯಾರಿಗೂ ಹಾಗೆ ಅನಿಸಲಿಲ್ಲ. ಪುಸ್ತಕದ ಮಾತು ಒಬ್ಬಳ ಕಷ್ಟಕ್ಕೆ ಅಷ್ಟು ಸರಿಯಾಗಿ ಹೊಂದಿದ್ದನ್ನು ಕಂಡು ನಮಗೆ ಹುರುಪೇ ಬಂತು. ಸರ್ ತಾವೇ ಕೂತು ಇಂಗ್ಲಿಷಿನಲ್ಲಿ ಪರಿಚಯ ಬರೆದುಕೊಟ್ಟರು. ಕನ್ನಡದಲ್ಲಿ ಹೇಳಿದರೆ ಅದು ಹೀಗಿತ್ತು: “ನಮಸ್ಕಾರ. ನಾನು ಫಿಲೋಮಿನಾ ಸಿದ್ದಿ. ನನ್ನನ್ನು ಕಂಡವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಅದಕ್ಕೆ ನಾನೇ ಮೊದಲು ಉತ್ತರಿಸುತ್ತೇನೆ. ನಾನು ಭಾರತೀಯಳು. ಕನ್ನಡತಿ. ಶತಮಾನಗಳ ಹಿಂದೆ ನನ್ನ ಪೂರ್ವಿಕರು...” ಹೀಗೆ ಗೋವೆ, ಕಾಡು, ಗದ್ದೆ, ಹಾಡು, ಎಲ್ಲ ಬಂದು, ಕೊನೆಗೆ, “ಈ ಮಣ್ಣಿನ ಮಗಳಾಗಿ ನಿಮ್ಮ ಮುಂದೆ ಕುಳಿತಿದ್ದೇನೆ,” ಎನ್ನುವಲ್ಲಿಗೆ ಮುಗಿಯುತ್ತಿತ್ತು. ಸರಿಯಾಗಿ ಎರಡು ನಿಮಿಷ.

ಕಾಲೇಜು ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ತಾಲೀಮು. ಬಸವರಾಜ ಮೇಜಿನ ಹಿಂದೆ ಕಾಲಮೇಲೆ ಕಾಲು ಹಾಕಿ ಕೂತು ಕಂಪನಿಯವನಾಗುವನು. ನಾನು ಬಾಗಿಲಲ್ಲಿ ನಿಂತು ಹೊತ್ತು ನೋಡುವೆ. “ಪೂರ್ವಿಕರು ಅಂದ ಮ್ಯಾಲೆ ಒಂಚೂರು ನಿಂದರು. ಅವರು ತಲಿ ಅಲ್ಲಾಡಸ್ತಾರ, ಆಮ್ಯಾಲೆ ಮುಂದ ಹೇಳು,” ಎಂದು ಬಸವರಾಜ ತಿದ್ದುವನು. ಎಲ್ಲಿ ನಗಬೇಕು, ಎಲ್ಲಿ ಕೈ ಎದೆಗಿಡಬೇಕು ಎಂದೂ ಕಲಿಸಿದೆವು. ಅವಳು ಚೆನ್ನಾಗಿ ಕಲಿತಳು. ಎಷ್ಟೆಂದರೆ ತಾಲೀಮು ಮುಗಿದು ಬಸ್ ನಿಲ್ದಾಣಕ್ಕೆ ನಡೆಯುವಾಗ ಮೊದಲಿನ ಹಾಗೆ ಹರಟುತ್ತಲೇ ಇರಲಿಲ್ಲ.

ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಫಿಲೋಮಿನಾ ಅಂಗಳದ ಬಿಸಿಲಿಗೆ ನಿಂತು ಬಾಯಿಪಾಠ ಹೇಳುತ್ತಿದ್ದಳು. ಅವ್ವ ಜಗಲಿಯಲ್ಲಿ ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಮಗಳ ಇಂಗ್ಲಿಷ್ ಕೇಳಿ ಅವಳ ಮುಖ ಅರಳಿತ್ತು.

“ಏನ ಹೇಳಾಕ ಹತ್ಯಾಳವಾ ಇಕಿ?” ಎಂದು ನನ್ನನ್ನು ಕೇಳಿದಳು.

“ನೀವು ಎಲ್ಲಿಯವ್ರು ಅಂತ ಹೇಳಾಕ ಹತ್ಯಾಳ್ರಿ.”

“ಎಲ್ಲಿಯವ್ರು ಅಂದ್ರ?” ಸೂಜಿ ನಿಲ್ಲಿಸಿ ಸುತ್ತ ನೋಡಿದಳು. ಹಿತ್ತಿಲು, ಒಲೆಯ ಹೊಗೆ, ಕಟ್ಟಿಹಾಕಿದ ಆಡು. “ಇಲ್ಲಿಯವ್ರು. ಅಷ್ಟು ಹೇಳಾಕ ಇಷ್ಟೊತ್ತು ಬೇಕೇನ?”

ಫಿಲೋಮಿನಾ ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡಿದಳು.

ಎರಡನೆಯ ಕಂಪನಿ ಬೈಕಿನದು. ಈಗ ನಾನಿರುವುದು ಅಲ್ಲಿಯೇ. ನನ್ನನ್ನು ಒಳಗೆ ಕರೆದಾಗ ಹೆಸರು ಕೇಳಿದರು, ಊರು ಕೇಳಿದರು, ದಾಂಡೇಲಿಯಂಥ ಊರಲ್ಲಿ ಹೆಂಗಸರಿಗೆ ಸ್ಕೂಟರ್ ಮಾರುವುದು ಹೇಗೆ ಎಂದರು. ಗ್ಯಾರೇಜಿನಲ್ಲಿ ಬೆಳೆದವಳಿಗೆ ಅದೇನು ಕಷ್ಟ, ಮಾತಾಡುತ್ತ ಹೋದೆ. ಆಮೇಲೆ ಫಿಲೋಮಿನಾ ಹೋದಳು. ಬಾಗಿಲ ಸಂದಿಗೆ ನಾನೂ ಬಸವರಾಜನೂ ಕಣ್ಣು ಕಿವಿ ಎರಡನ್ನೂ ಇಟ್ಟು ನಿಂತೆವು. ಪರಿಚಯ ಒಂದು ಅಕ್ಷರ ತಪ್ಪದೆ ಬಂತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು. ಕಂಪನಿಯವರು ಮೆಚ್ಚಿ ತಲೆದೂಗಿದರು. “ಬಹಳ ಆಸಕ್ತಿಕರ,” ಎಂದರು. ನಿಮ್ಮ ಹಬ್ಬ ಹೇಗೆ, ಮದುವೆ ಹೇಗೆ, ಡೋಲು ಬಾರಿಸುತ್ತೀರಂತೆ, ಒಂದು ಹಾಡು ಹೇಳಬಹುದೇ? ಅವಳು ಚರ್ಚಿನ ಹಾಡೊಂದನ್ನು ಹೇಳಿದಳು. ಅದಲ್ಲ, ನಿಮ್ಮದು, ಎಂದರು. ಹೊತ್ತು ಮುಗಿಯಿತು. ಸ್ಕೂಟರಿನ ಮಾತೇ ಬರಲಿಲ್ಲ.

ಆ ಪ್ರಶ್ನೆ ಸಾಯಲಿಲ್ಲ. ನಾವು ಅದಕ್ಕೆ ಮಣೆ ಹಾಕಿ ಕೂರಿಸಿದ್ದೆವು.

ಸಂಜೆ ನನ್ನ ಹೆಸರು ಓದಿದರು, ಅವಳದು ಓದಲಿಲ್ಲ. ಅವಳು ನನ್ನನ್ನು ತಬ್ಬಿಕೊಂಡು, “ಮಿರ್ಚಿ ಭಜಿ ಕೊಡಸು,” ಎಂದಳು. ಬಸ್ ನಿಲ್ದಾಣದ ಎದುರಿನ ಗಾಡಿಯಲ್ಲಿ ಇಬ್ಬರೂ ನಿಂತು ತಿಂದೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂತೆಂದು ಇಬ್ಬರೂ ಹೇಳಿಕೊಂಡೆವು. ನನಗೆ ಖುಷಿಪಡಲೂ ಬರಲಿಲ್ಲ, ಅಳಲೂ ಬರಲಿಲ್ಲ. ನನ್ನ ಕೆಲಸ ಅವಳಿಗೆ ಕೊಡಿ ಎಂದು ಹೇಳಿದರೆ ಕೊಡುತ್ತಾರೆಯೇ? ಕೊಡುವುದಿಲ್ಲ. ಹೇಳದಿದ್ದರೆ? ಅದೂ ಅಷ್ಟೇ. ಮನೆಗೆ ಹೋದಾಗ ಅಬ್ಬಾ ಗ್ಯಾರೇಜಿನವರಿಗೆಲ್ಲ ಪೇಢೆ ಹಂಚುತ್ತಿದ್ದ.

ಆಮೇಲೆ ಬಂದ ಕಂಪನಿಗಳಲ್ಲೂ ಇದೇ ಹಾಡು. ಮಾವ ಗೋವೆಯಿಂದ ಫೋನು ಮಾಡತೊಡಗಿದ್ದ. ಬೇಸಿಗೆ ಹತ್ತಿ, ಸಾಗವಾನಿಯ ಎಲೆಯೆಲ್ಲ ಉದುರಿ ರಸ್ತೆಯ ಎರಡೂ ಬದಿ ಸಪ್ಪಳ ಮಾಡುವ ಕಾಲಕ್ಕೆ ಕೊನೆಯದಾಗಿ ಬಂದದ್ದು ಜೋಯಿಡಾ ಕಡೆಯ ಒಂದು ರೆಸಾರ್ಟು. ಸೂಪಾದ ಹಿನ್ನೀರಿನ ಹತ್ತಿರ ಕಾಡಿನ ನಡುವೆ ಇತ್ತು ಅದು. ಅದರ ಮ್ಯಾನೇಜರು ಫಿಲೋಮಿನಾಳ ಪರಿಚಯ ಕೇಳುತ್ತ ಕೇಳುತ್ತ ಕುರ್ಚಿಯ ತುದಿಗೆ ಬಂದ. ಮುಗಿದ ಮೇಲೆ ಒಂದೇ ಪ್ರಶ್ನೆ: “ಇದನ್ನ ದಿನಾ ಸಂಜಿ ಮೈಕಿನ್ಯಾಗ ಹೇಳ್ತೀರೇನು?”

ಅವಳಿಗೆ ನೌಕರಿ ಸಿಕ್ಕಿತು. ಹುದ್ದೆಯ ಹೆಸರು ದೊಡ್ಡದು, ಅತಿಥಿ ಸಂಪರ್ಕಾಧಿಕಾರಿ. ದೇಸಾಯಿ ಸರ್ ಕಣ್ಣೊರೆಸಿಕೊಂಡರು. “ನೋಡಿದ್ಯಾ? ಆ ಪರಿಚಯಾನ ಕೆಲಸ ಮಾಡ್ತು,” ಎಂದರು. ಯಾರೂ ಅಲ್ಲವೆನ್ನುವ ಹಾಗಿರಲಿಲ್ಲ. ಅವಳನ್ನೇ ಕೇಳಿದೆ, “ಹೋಗ್ತೀಯೇನ?” “ಗೋವಾಕ್ಕ ಹೋಗೂಕಿಂತ ಜೋಯಿಡಾ ಛಲೋ ಅಲ್ಲೇನ?” ಎಂದಳು.

ಅದೇ ತಿಂಗಳು ಹಳಿಯಾಳದ ಬಸ್ ನಿಲ್ದಾಣದ ಎದುರು ಕಾಲೇಜಿನ ಹೊಸ ಫಲಕ ಎದ್ದಿತು. ನಾವೆಲ್ಲ ಕೋಟು ಹಾಕಿಕೊಂಡು ತೆಗೆಸಿಕೊಂಡಿದ್ದ ಫೋಟೋದಿಂದ ಫಿಲೋಮಿನಾಳನ್ನು ಮಾತ್ರ ಕತ್ತರಿಸಿ, ಮನೆಯಷ್ಟು ದೊಡ್ಡದು ಮಾಡಿ ನಿಲ್ಲಿಸಿದ್ದರು. ಮೇಲೆ ಇಂಗ್ಲಿಷಿನಲ್ಲಿ, ‘ವಿದೇಶಿ ವಿದ್ಯಾರ್ಥಿಗಳೂ ಅರಸಿ ಬರುವ ಜಾಗತಿಕ ಶಿಕ್ಷಣ.’ ಹೆಸರಿಲ್ಲ. ಬಸ್ಸಿನಿಂದ ಇಳಿದ ಜನ ನಿಂತು ನೋಡಿ, “ಅಬಬಾ, ಅಲ್ಲಿಂದ ಇಲ್ಲಿತನಕ ಬರ್ತಾರಲ್ಲಪಾ ಓದಾಕ,” ಎನ್ನುತ್ತಿದ್ದರು.

ಫಿಲೋಮಿನಾ ಅಂದು ಮೊದಲ ಬಾರಿ ಸಿಟ್ಟಾದದ್ದು. ಸೀದಾ ಸರ್ ಹತ್ತಿರ ಹೋಗಿ, “ಇದನ್ನ ತೆಗೆಸ್ರಿ,” ಎಂದಳು. ಸರ್‌ಗೆ ಗೊತ್ತೇ ಇರಲಿಲ್ಲ, ಮೇಲಿನವರು ಹುಬ್ಬಳ್ಳಿಯಲ್ಲಿ ಮಾಡಿಸಿ ತಂದಿದ್ದರು. ಹೇಳಿ ನೋಡುತ್ತೇನೆ ಎಂದರು. ನಾವು ಮೂವರೂ ಅರ್ಜಿ ಬರೆಯುವುದೆಂದು ಮಾತಾಡಿಕೊಂಡೆವು. ಅಷ್ಟರಲ್ಲಿ ಸಂತೆ ಬಂತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಸಂತೆಗೆ ಬಂದ ಅವ್ವ ಫಲಕ ನೋಡಿಬಿಟ್ಟಳು.

ನಾನೂ ಅಲ್ಲಿದ್ದೆ. ಅವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು, ಮಗಳ ಮುಖವನ್ನು ನೋಡುತ್ತ ನಿಂತಳು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡವೂ ಓದಲು ಬಾರದು. “ಏನಂತ ಬರದಾರವಾ?” ಎಂದಳು.

ಫಿಲೋಮಿನಾ ನನ್ನ ಮುಖ ನೋಡಿದಳು. ನಾನು ಬಸ್ಸಿನ ಬೋರ್ಡು ನೋಡಿದೆ.

“ಛಲೋ ಕಲ್ತಾಳ ಅಂತ ಬರದಾರ,” ಎಂದಳು ಫಿಲೋಮಿನಾ.

ಮುಂದಿನ ಸಂತೆಗೆ ಅವ್ವ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. ಗೋವೆಯ ಮಾವನಿಗೂ ತೋರಿಸಿದಳು. ಅವನು ಬಾಯಿ ಮುಚ್ಚಿದ. ಅರ್ಜಿಯ ಮಾತನ್ನು ನಾವು ಮತ್ತೆ ಎತ್ತಲಿಲ್ಲ. ಯಾವ ಬಾಯಲ್ಲಿ ಎತ್ತುವುದು?

ಕೆಲಸಕ್ಕೆ ಸೇರುವ ದಿನ ಅಬ್ಬಾನ ಸ್ಕೂಟರಿನ ಮೇಲೆ ನಾನೇ ಅವಳನ್ನು ಬಿಟ್ಟುಬಂದೆ. ಮುಂಗಾರಿನ ಮೊದಲ ಮೋಡಗಳು. ಸೆಕೆಯಲ್ಲೂ ಅವಳು ಕೋಟು ಹಾಕಿಕೊಂಡೇ ಹಿಂದೆ ಕೂತಿದ್ದಳು. ರೆಸಾರ್ಟಿನ ಮ್ಯಾನೇಜರು ಅವಳನ್ನು ಕಂಡು ನಕ್ಕು, “ಕೋಟು ಬ್ಯಾಡ್ರಿ, ಗೆಸ್ಟ್‌ಗಳಿಗೆ ಸಹಜ ಕಾಣಬೇಕು,” ಎಂದು ಹೂವು ಚುಕ್ಕೆಗಳ ಬಣ್ಣದ ಬಟ್ಟೆಯೊಂದನ್ನು ಕೊಟ್ಟ. ಅಂಥ ಬಟ್ಟೆಯನ್ನು ಅವಳ ಊರಿನಲ್ಲಿ ಯಾರೂ ಉಟ್ಟದ್ದನ್ನು ನಾನು ಕಂಡಿಲ್ಲ. ಅವಳು ಕೋಟನ್ನು ಮಡಚಿ ನನ್ನ ಕೈಯಲ್ಲಿಟ್ಟಳು. “ನಿನ್ನ ಹತ್ರ ಇರಲಿ. ಮನಿಗೆ ಒಯ್ದ್ರ ಅವ್ವ ಯಾಕ ಅಂತ ಕೇಳ್ತಾಳ.”

ಮಾರನೆಯ ವರ್ಷ ಶೋರೂಮಿನವರೊಂದಿಗೆ ಅಲ್ಲಿಗೆ ಹೋಗುವ ಪ್ರಸಂಗ ಬಂತು. ಬೈಗಿನ ಹೊತ್ತು. ಹಿನ್ನೀರಿನ ಮೇಲೆ ಇನ್ನೂ ಬೆಳಕಿತ್ತು. ಕುಣಿಯುವವರು ಡೋಲು ಕಾಯಿಸಿಕೊಳ್ಳುತ್ತಿದ್ದರು. ಫಿಲೋಮಿನಾ ಮೈಕು ಹಿಡಿದು ಬಂದಳು. “ನಮಸ್ಕಾರ. ನಾನು ಫಿಲೋಮಿನಾ ಸಿದ್ದಿ. ನನ್ನನ್ನು ಕಂಡವ‌ರಿಗೆ ಒಂದು ಪ್ರಶ್ನೆ ಏಳುವುದು ಸಹಜ...” ಪೂರ್ವಿಕರು ಎಂದ ಮೇಲೆ ಒಂಚೂರು ನಿಂತಳು. ನನ್ನನ್ನು ಕಂಡರೂ ಅವಳ ದನಿ ಅಲುಗಲಿಲ್ಲ. ನನ್ನ ಪಕ್ಕದವರೆಲ್ಲ ತಲೆದೂಗಿದರು. ಬಸವರಾಜ ಹೇಳಿದ್ದು ಸರಿಯಾಗಿತ್ತು.

ಆಮೇಲೆ ತನ್ನ ಕೋಣೆ ತೋರಿಸಿದಳು. “ಟೇಬಲ್ ಐತಿ, ನೋಡು. ಹೆಸರಿನ ಫಲಕಾನೂ ಐತಿ. ಮಂದಿ ಬರ್ತಾರ, ಕುಂದ್ರತಾರ.” ಫಲಕವನ್ನು ಸೆರಗಿನಿಂದ ಒರೆಸಿದಳು. “ಕೆಲಸದ ಮಾತೊಂದು ಯಾರೂ ಕೇಳೂದಿಲ್ಲ, ಶಮೀಮ್.” ಬಿಟ್ಟು ಬಾ ಎನ್ನಬೇಕೆಂದುಕೊಂಡೆ. ಬಿಟ್ಟು ಎಲ್ಲಿಗೆ ಬರಬೇಕು? ಚಹಾ ಕುಡಿದು ಎದ್ದೆ.

ಇಷ್ಟೆಲ್ಲ ಆಗಿ ವರ್ಷಗಳಾದವು. ಮೊನ್ನೆ ಆ ಕೋಟನ್ನು ಹಿಡಿದು ಹಳಿಯಾಳಕ್ಕೆ ಹೋದೆ. ಕಾಲೇಜಿಗೆ ಬಣ್ಣ ಬಳಿದಿದ್ದಾರೆ. ಬಸವರಾಜ ಬಂದಿದ್ದ, ಹೊಟ್ಟೆ ಬಂದಿದೆ, ಮುಂಡಗೋಡದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ದೇಸಾಯಿ ಸರ್ ತಲೆ ಪೂರ್ತಿ ಬೆಳ್ಳಗಾಗಿದೆ. ಫಿಲೋಮಿನಾ ರೆಸಾರ್ಟಿನ ಜೀಪಿನಲ್ಲಿ ಬಂದಿಳಿದಳು. ಮೊದಲ ಮಾತೇ, “ನನ್ನ ಕೋಟು ತಂದೀಯೇನ?” ತೋಳು ತೂರಿಸಿ, ಗುಂಡಿ ಹಾಕಿಕೊಂಡು, ಕಾಲರನ್ನು ಮೂಗಿಗೆ ಹಿಡಿದಳು. “ಅವ್ವನ ಒಲಿ,” ಎಂದಳು. ಅವ್ವ ಹೋಗಿ ಆಗಲೇ ಎರಡು ಮಳೆಗಾಲ ಕಳೆದಿತ್ತು.

ಕ್ಲಾಸಿನೊಳಗೆ ಒಂದು ಕುರ್ಚಿ, ಎದುರಿಗೆ ಕ್ಯಾಮೆರಾ. ಹುಬ್ಬಳ್ಳಿಯಿಂದ ಕರೆಸಿದ್ದ ಕ್ಯಾಮೆರಾದವನಿಗೆ ನಮ್ಮ ಪೈಕಿ ಯಾರ ಗುರುತೂ ಇಲ್ಲ. ಫಿಲೋಮಿನಾ ಕುರ್ಚಿಯಲ್ಲಿ ಕೂತಾಗ ಅವನು ಬೆಳಕು ಸರಿಮಾಡುತ್ತ, ಬಹಳ ವಿನಯದಿಂದಲೇ ಇಂಗ್ಲಿಷಿನಲ್ಲಿ, “ಮೇಡಂ, ಮೊದಲು ಯಾವ ದೇಶದಿಂದ ಬಂದಿರಿ ಅಂತ ಹೇಳಿ. ಆಮೇಲೆ ಕಾಲೇಜಿನ ಅನುಭವ,” ಎಂದ.

ನಾನು ಅರ್ಧ ಎದ್ದೆ. ಬಸವರಾಜ ನೆಲ ನೋಡಿದ. ಅವಳು ನಮ್ಮಿಬ್ಬರನ್ನೂ ನೋಡಿ, ಕೈಯಲ್ಲೇ ಕೂರು ಎಂದು ಸನ್ನೆ ಮಾಡಿ, ಕ್ಯಾಮೆರಾದ ಕಡೆ ತಿರುಗಿದಳು.

“ನಮಸ್ಕಾರ. ನಾನು ಫಿಲೋಮಿನಾ ಸಿದ್ದಿ. ನನ್ನನ್ನು ಕಂಡವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಅದಕ್ಕೆ ನಾನೇ ಮೊದಲು ಉತ್ತರಿಸುತ್ತೇನೆ.”

ಅದೇ ಇಂಗ್ಲಿಷು, ಅದೇ ಏರಿಳಿತ. ಗೋವೆ ಬಂತು, ಕಾಡು ಬಂತು, ಕೈ ಎದೆಗೆ ಹೋಯಿತು. ನಾನು ದೇಸಾಯಿ ಸರ್ ಕಡೆ ನೋಡಿದೆ. ಗೋಡೆಗೆ ಒರಗಿ ನಿಂತಿದ್ದ ಅವರ ತುಟಿಗಳು ಅವಳ ಜೊತೆ ಜೊತೆಗೇ ಅಲುಗುತ್ತಿದ್ದವು. “ಒಂದಕ್ಷರ ಮರ್ತಿಲ್ಲ ನೋಡು,” ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಣ್ಣು ತುಂಬಿತ್ತು.

ಈ ಮಣ್ಣಿನ ಮಗಳಾಗಿ ನಿಮ್ಮ ಮುಂದೆ ಕುಳಿತಿದ್ದೇನೆ, ಎಂದು ಅವಳು ಮುಗಿಸಿದಳು. ಕ್ಯಾಮೆರಾದವನು ಬೆಪ್ಪಾಗಿ ಕನ್ನಡಕ್ಕೆ ಇಳಿದ. “ಸಾರಿ ಮೇಡಂ, ಗೊತ್ತಾಗಲಿಲ್ಲರಿ. ಭಾಳ ಛಲೋ ಹೇಳಿದ್ರಿ. ಆದ್ರ ಎರಡು ನಿಮಿಷ ಮುಗದಹೋತು. ಕಾಲೇಜಿನ ಅನುಭವ ಉಳದ ಹೋತಲ್ರಿ.”

“ಇಲ್ಲ ತಮ್ಮಾ, ಅದನ್ನೇ ಹೇಳಿದ್ನಿ,” ಎಂದು ಫಿಲೋಮಿನಾ ಎದ್ದಳು.

ಮುಂದಿನವಳು ನಾನು. ಕುರ್ಚಿ ಇನ್ನೂ ಬೆಚ್ಚಗಿತ್ತು, ಹೊಗೆಯ ವಾಸನೆ ಅಲ್ಲೇ ನಿಂತಿತ್ತು. ಹೆಸರು ಹೇಳಿದೆ. ದಾಂಡೇಲಿ ಎಂದೆ.

ಕ್ಯಾಮೆರಾದವನು ತಲೆಯಾಡಿಸಿದ. “ಹಾಂ, ಮುಂದ ಹೇಳ್ರಿ,” ಎಂದ.